ಬಿಳಿ ಬಿಡಬೇಕಾಗಿದ್ದ ಜಾಗ

ಆಗಸ್ಟ್ 3, 1978, ಗುರುವಾರ

ಬರಿ ಅಂತಾಳೆ. ನಲವತ್ತು ವರ್ಷ ಬೇರೆಯವರು ಬರೆದದ್ದನ್ನ ಒಂದೊಂದೇ ಅಚ್ಚಿನ ಮೊಳೆ ಆರಿಸಿ ಜೋಡಿಸಿದವನಿಗೆ ಈಗ ನೀನೇ ಬರಿ ಅಂತ ಬ್ಯಾಂಕಿನವರು ಹಂಚಿದ ಡೈರಿ ತಂದು ಕೈಗಿಟ್ಟಳು. ಅದೂ ಹೋದ ವರ್ಷದ್ದು. ವಾರಗಳು ಕೂಡೋದಿಲ್ಲ. ಒಂದೊಂದನ್ನೂ ನಾನೇ ಹೊಡೆದು ತಿದ್ದಬೇಕು.

ಹೇಳಿದವಳು ಏಕಾಂತಮ್ಮ, ನನ್ನ ತಂಗಿ ಕಾಟಮ್ಮನ ಮಗಳು. ಹರಿಯಬ್ಬೆಯಲ್ಲಿ ಅವರಪ್ಪನಿಗೆ ಕುರಿ ಹಿಂಡು. ಇವಳು ಹಟ ಹಿಡಿದು ಎಂ.ಎ. ಮುಗಿಸಿದ್ದಾಳೆ. ಪತ್ರಿಕೆ ಮತ್ತು ರಾಜಕೀಯದ ಮೇಲೆ ಮೂರು ವರ್ಷ ಸಂಶೋಧನೆ ಮಾಡುವವರಿಗೆ ಯೂನಿವರ್ಸಿಟಿಯವರು ಫೆಲೋಶಿಪ್ ಅಂತ ಕೊಡ್ತಾರಂತೆ. ಎಮರ್ಜೆನ್ಸಿಯಲ್ಲಿ ನಮ್ಮ ಜಿಲ್ಲೆಯ ವಾರಪತ್ರಿಕೆಗಳು ಹೆಂಗೆ ನಡಕೊಂಡವು ಅನ್ನೋದು ಇವಳು ಆರಿಸಿಕೊಂಡ ವಿಷಯ. ಅರ್ಜಿಯ ಜೊತೆಗೆ ಮಾದರಿಗೆ ಒಂದು ಅಧ್ಯಾಯ ಬರೆದು ಕಳಿಸಬೇಕು. ಸೆಪ್ಟೆಂಬರ್ ಹದಿನೈದು ಕೊನೇ ದಿನ. ಫೆಲೋಶಿಪ್ ಸಿಗದಿದ್ದರೆ ದೀಪಾವಳಿ ಕಳೆದ ಮೇಲೆ ಮದುವೆ ಅಂತ ಅವರಪ್ಪ ಹೇಳಿಬಿಟ್ಟಿದ್ದಾನೆ. ಗಂಡೂ ನೋಡಿಟ್ಟಿದ್ದಾನೆ.

ಚಿತ್ರದುರ್ಗದಲ್ಲಿ ನನ್ನ ಮನೆಗೇ ಬಂದು ಕೂತದ್ದು ಯಾಕೆ ಅಂದರೆ, ನಾನು ಕೆಲಸ ಮಾಡುತ್ತಿದ್ದ 'ಏಳುಸುತ್ತು' ಪತ್ರಿಕೆಯ ಪೂರಾ ಫೈಲು ನನ್ನ ಹತ್ತಿರ ಐತೆ. ಪ್ರೆಸ್ಸು ಮುಚ್ಚಿದ ದಿನ ರದ್ದಿಗೆ ಹಾಕಲು ಮನಸ್ಸು ಬಾರದೆ ಪೆಟ್ಟಿಗೆಗೆ ತುಂಬಿ ತಲೆ ಮೇಲೆ ಹೊತ್ತುಕೊಂಡು ಬಂದೆ.

"ದಿನಾ ನೆನಪಾಗಿದ್ದು ಬರಿ ಮಾವ. ನಂಗೆ ಬೇಕಾಗ್ತೈತೆ."

"ನಾನು ಓದಿದ್ದು ಮೂರನೇ ಕ್ಲಾಸು ಕಣೇ."

"ತಿಮ್ಮರಾಯಪ್ಪನೋರ ಕಾಗುಣಿತ ತಿದ್ದುತಿದ್ದೋನು ನೀನೇ ಅಂತ ಅವ್ವ ಹೇಳ್ತಾಳೆ."

ತಿಮ್ಮರಾಯಪ್ಪ ನಮ್ಮ ಎಡಿಟರು. ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು.

ಬರೀತೀನಿ. ಅವಳಿಗೆ ತೋರಿಸೋದಿಲ್ಲ. ಬೇಕಾದ್ದನ್ನ ಬಾಯಲ್ಲಿ ಹೇಳಿದರಾಯ್ತು.

ಪುಟದ ಕೆಳಗೆ ನಾಲ್ಕು ಗೆರೆ ಉಳಿದವು. ಖಾಲಿ ಬಿಟ್ಟರೆ ನನಗೆ ನಿದ್ದೆ ಬರಲ್ಲ. ಇವತ್ತು ಜುಂಜಮ್ಮ ಹುರುಳಿ ಸಾರು ಮಾಡಿದ್ದಳು. ಎರಡು ಮುದ್ದೆ ಉಂಡೆ. ಮೋಡ ಆಗಿತ್ತು, ಮಳೆ ಬರಲಿಲ್ಲ. ಎದುರು ಮನೆಯವರು ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಈಗ ತುಂಬಿತು.

ಆಗಸ್ಟ್ 6, ಭಾನುವಾರ

ಪೆಟ್ಟಿಗೆ ತೆಗೆದೆವು. ನನ್ನ ಹೆಂಡತಿ ಜುಂಜಮ್ಮ ದೂಳಿಗೆ ಸೀನಿ ಸೀನಿ, "ಈ ಕಾಗದಕ್ಕೆ ಕೊಟ್ಟ ಜಾಗದಾಗೆ ಎರಡು ಮರಿ ಕಟ್ಟಬೋದಿತ್ತು" ಅಂದಳು. ಹುಡುಗಿ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾಳೆ. ಬೈದೆ. ಸೀರೆ ಸೆರಗಿಗೆ ಒರೆಸಿಕೊಂಡು ಮತ್ತೆ ಎಂಜಲು ಹಚ್ಚಿದಳು.

ಮಧ್ಯಾಹ್ನ ಅರ್ಜಿ ಫಾರಂ ತುಂಬುತ್ತಾ ಕೂತಿದ್ದಳು. ತಂದೆಯ ಉದ್ಯೋಗ ಅನ್ನೋ ಕಡೆ ಕುರಿ ಸಾಕಣೆ ಅಂತ ಬರೆದಳು.

"ವ್ಯವಸಾಯ ಅಂತ ಹಾಕೇ. ಓದೋರು ನಗ್ತಾರೆ."

"ನಗ್ಲಿ ಬಿಡು. ಕುರಿ ತಾನೇ ಸಾಕೋದು."

ಅದರ ಕೆಳಗೆ, ಪ್ರಕಟವಾದ ಲೇಖನಗಳು ಅಂತ ದೊಡ್ಡ ಜಾಗ. ಅದನ್ನ ಹಾಗೇ ಬಿಟ್ಟು ಮುಂದಕ್ಕೆ ಹೋದಳು.

"ಅಲ್ಲೇನಾದ್ರೂ ಬರಿ. ಖಾಲಿ ಬಿಟ್ರೆ ಬಾಯಿ ಬಿಟ್ಕೊಂಡಂಗೆ ಕಾಣ್ತೈತೆ."

"ಒಂದೂ ಅಚ್ಚಾಗಿಲ್ಲ ಮಾವ. ಇಲ್ಲದ್ದು ಹೆಂಗೆ ಬರೀಲಿ?"

"ಕಾಲೇಜಿನಾಗೆ ಭಾಷಣ ಮಾಡಿದ್ಯಲ್ಲ, ಅದನ್ನ ಹಾಕು."

"ಅದು ಲೇಖನ ಅಲ್ಲ."

ಎಂ.ಎ. ಓದಿದ್ದಾಳೆ, ಒಂದು ಫಾರಂ ತುಂಬಲು ಬರಲ್ಲ. ಇವಳಿಗೆ ಯಾರು ಕೊಡ್ತಾರೆ ಫೆಲೋಶಿಪ್ಪು.

ನಾನು ಹನ್ನೆರಡನೇ ವಯಸ್ಸಿಗೆ ಹರಿಯಬ್ಬೆ ಬಿಟ್ಟು ಬಂದು ಪ್ರೆಸ್ಸಿನಲ್ಲಿ ಕಸ ಗುಡಿಸಿದವನು. ಅಕ್ಷರ ನಿಜವಾಗಿ ಕಲಿತದ್ದು ಅಲ್ಲಿ, ಅದೂ ಎಡಬಲ ತಿರುಗಿಸಿ. ಮೊಳೆಯಲ್ಲಿ ಅಕ್ಷರ ಹಾಗೇ ಇರೋದು. ಈಗಲೂ ಅಂಗಡಿ ಬೋರ್ಡಿಗಿಂತ ಮೊಳೆ ಸಾಲು ಬೇಗ ಓದ್ತೀನಿ. ಇದನ್ನ ಹೇಳಿದೆ. ಅವಳು ಬರೆದುಕೊಂಡಳು. ಇದರಲ್ಲಿ ಬರೆದುಕೊಳ್ಳೋದು ಏನೈತೆ.

ಆಗಸ್ಟ್ 11

ಫೈಲು ಓದುತ್ತಾ ಓದುತ್ತಾ 1976ರ ಫೆಬ್ರವರಿಗೆ ಬಂದಿದ್ದಾಳೆ. ಹನ್ನೆರಡನೇ ತಾರೀಕಿನ ಸಂಚಿಕೆ ನೆಲದ ಮೇಲೆ ಹರಡಿಕೊಂಡು ಕರೆದಳು.

"ಮಾವ, ಇಲ್ನೋಡು. ಹೋದ ವಾರದ ತನಕ ಸುತ್ತಿ ಬಳಸಿ ಸರ್ಕಾರಾನ ಚುಚ್ಕೊಂಡು ಬಂದ ಎಡಿಟರು ಈ ವಾರ ಅದೇ ಸರ್ಕಾರದ ಇಪ್ಪತ್ತು ಅಂಶದ ಕಾರ್ಯಕ್ರಮ ಹಾಕ್ಕೊಂಡು ಕುಂತವ್ರೆ. ಅದೂ ತಾವು ಬರೆಯೋ ಜಾಗದಾಗೆ."

"ಮೇಲಿಂದ ಬಂತು, ಹಾಕಿದ್ವಿ."

"ಯಾರು ಹಾಕು ಅಂದ್ರು?"

"ಎಡಿಟರ್ ಇರೋ ಪೇಪರಿನಾಗೆ ಇನ್ಯಾರು ಅಂತಾರೆ."

ಎಲೆ ಅಡಿಕೆ ತರಬೇಕು ಅಂತ ಎದ್ದು ಹೋದೆ. ಮನೆಯಲ್ಲಿ ಎಲೆ ಇತ್ತು.

ಆಗಸ್ಟ್ 12

ಸಾರಿಗೆ ಉಪ್ಪಿಲ್ಲ ಅಂತ ಜುಂಜಮ್ಮನ ಮೇಲೆ ತಟ್ಟೆ ತಳ್ಳಿದೆ. ಉಪ್ಪಿತ್ತು.

ಆಗಸ್ಟ್ 17, ಗುರುವಾರ

ಅಧ್ಯಾಯ ಬರೆದು ಮುಗಿಸಿದಳು. ಹತ್ತು ಪುಟ. ಓದು ಅಂತ ಕೊಟ್ಟಳು. ಕನ್ನಡಕ ಇಲ್ಲ ಅಂದೆ. ಹುಡುಕಿ ತಂದು ಕೊಟ್ಟಳು.

ಏಳನೇ ಪುಟದಲ್ಲಿ ಹೀಗೈತೆ, ನೋಡಿಕೊಂಡೇ ಬರೀತಿದ್ದೀನಿ: "1976ರ ಫೆಬ್ರವರಿ 12ರಂದು 'ಏಳುಸುತ್ತು' ಪತ್ರಿಕೆಯ ಸಂಪಾದಕರು, ಯಾವ ಬಲವಂತದ ಕುರುಹೂ ಇಲ್ಲದಿರುವಾಗ, ತಮ್ಮ ಲೇಖನದ ಸ್ಥಳವನ್ನು ಸರ್ಕಾರಿ ಪ್ರಕಟಣೆಗೆ ಒಪ್ಪಿಸಿದರು. ಜಿಲ್ಲೆಯಲ್ಲಿ ಮೊದಲು ಮಂಡಿಯೂರಿದ ಪತ್ರಿಕೆ ಇದೇ."

ಅಕ್ಷರ ಕಾಗೆ ಕಾಲಿನಂಗೆ ಐತೆ, ಇದನ್ನ ಯಾವ ಪ್ರೊಫೆಸರು ಓದ್ತಾನೆ ಅಂತ ಕೂಗಾಡಿದೆ. ಹಾಳೆಗಳನ್ನ ಚಾಪೆ ಮೇಲೆ ಎಸೆದೆ.

"ನಿಂಗೆ ಗೊತ್ತಿರೋದು ಏನಾದ್ರೂ ಇದ್ರೆ ಹೇಳು, ತಿದ್ತೀನಿ. ಸುಮ್ಸುಮ್ನೆ ಅಕ್ಷರಕ್ಕೆ ಬೈಬ್ಯಾಡ" ಅಂದಳು.

ಜುಂಜಮ್ಮ ಒಳಗಿನಿಂದ ಬಂದು ಬಗ್ಗಿ ನೋಡಿ, "ದುಂಡಗೆ ಚೆನ್ನಾಗೇ ಅವೆಯಲ್ಲ" ಅಂದಳು. ಓದಲು ಬಾರದವಳು ಅವಳು. ಆ ಮಾತಿಗೆ ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಈ ಫೆಬ್ರವರಿ ಸಂಚಿಕೆಯ ವಿಷಯ ಹೋದ ವಾರವೇ ತನ್ನ ಎಂ.ಎ. ಮೇಷ್ಟರಿಗೆ ಬರೆದಿದ್ದಳಂತೆ, ಅದೇ ಅಧ್ಯಾಯದ ಜೀವಾಳ ಅಂತ ಅವರು ಕಾಗದ ಬರೆದಿದ್ದಾರಂತೆ. ಅದನ್ನ ನೋಡಿಯೇ ಫೆಲೋಶಿಪ್ ಕೊಟ್ಟಾರು ಅಂತ. ಹಾಗಿದ್ದ ಮೇಲೆ ನಾನ್ಯಾಕೆ ಬಾಯಿ ತೆಗೀಲಿ. ಹುಡುಗಿಗೆ ಒಳ್ಳೇದಾಗುತ್ತೆ.

ಆಗಸ್ಟ್ 20, ಭಾನುವಾರ

ಇಲ್ಲಿ ಬರೆದರೆ ಯಾರೂ ಓದಲ್ಲ. ಅದಕ್ಕೆ ಬರೀತೀನಿ.

ಆವತ್ತು ಫೆಬ್ರವರಿ ಹನ್ನೊಂದು, ಬುಧವಾರ. ಗುರುವಾರದ ಪೇಪರಿಗೆ ಬುಧವಾರ ಮಧ್ಯಾಹ್ನ ನಮಗೆ ಅಚ್ಚಿನ ಹೊತ್ತು. ಎಡಿಟರು ಪ್ರೂಫ್ ತಗೊಂಡು ಸೆನ್ಸಾರ್ ಮಾಡುವ ಆಫೀಸಿಗೆ ಹೋಗಿದ್ದರು. ಹೇಳದೆ ಕೇಳದೆ ಹಿಡಕೊಂಡು ಹೋಗಿದ್ದ ಇಬ್ಬರು ಸ್ಕೂಲು ಮೇಷ್ಟರ ಬಗ್ಗೆ ಬರೆದಿದ್ದರು. ಮೂರು ಕಾಲಂ ಅಗಲ, ಒಂದು ಗೇಣು ಉದ್ದ. ಮೂರು ಗಂಟೆಗೆ ಬಂದರು. ಬರೆದಷ್ಟಕ್ಕೂ ಸೆನ್ಸಾರಿನವರು ನೀಲಿ ಪೆನ್ಸಿಲಿನಲ್ಲಿ ಅಡ್ಡಗೀಟು ಹೊಡೆದಿದ್ದರು.

"ಕಾಟಯ್ಯ, ಇದನ್ನ ತೆಗೆದುಬಿಡು. ಆ ಜಾಗದಾಗೆ ಏನೂ ಹಾಕಬ್ಯಾಡ. ಬಿಳಿ ಇರ್ಲಿ."

"ಬಿಳಿನೂ ಬಿಡಂಗಿಲ್ಲ ಅಂತಾರಲ್ಲ ಸಾರ್."

"ಅಂತಾರೆ. ನೀನು ಬಿಡು. ಕಿತ್ತಿದ್ದು ಜನಕ್ಕೆ ಕಾಣ್ಲಿ."

ಅಷ್ಟು ಹೇಳಿ, ಅದನ್ನೇ ಪ್ರೂಫಿನ ಅಂಚಿನಲ್ಲಿ ಬರೆದು ಸಹಿ ಹಾಕಿ ನನ್ನ ಎದುರಿನ ತಂತಿಗೆ ಚುಚ್ಚಿದರು. ಅಚ್ಚಾಗಿ ಮುಗಿದ ಕಾಗದವೆಲ್ಲ ಆ ತಂತಿಗೇ ಚುಚ್ಚೋದು ನಮ್ಮ ಪದ್ಧತಿ. ಆಮೇಲೆ ಹೊಸದುರ್ಗದ ಬಸ್ಸಿಗೆ ಹೋದರು. ಅವರ ಅತ್ತೆಗೆ ಕಾಯಿಲೆ ಇತ್ತು.

ನಾನು ಮೊಳೆ ತೆಗೆದೆ. ತೂತು ಬಿತ್ತು. ಹಲ್ಲು ಕಿತ್ತ ಬಾಯಿಯ ಹಾಗೆ ಕಾಣಿಸಿತು. ಪುಟದಲ್ಲಿ ತೂತು ಬಿದ್ದರೆ ಜನ ಎಡಿಟರನ್ನ ಕೇಳಲ್ಲ, ಮೊಳೆ ಜೋಡಿಸೋ ಕಂಪೋಜಿಟರ್ ಕುಡಿದಿದ್ದ ಅಂತಾರೆ, ಇಲ್ಲ ಮೊಳೆ ಸಾಲಲಿಲ್ಲ ಅಂತಾರೆ. ಕಟ್ಟಿದ ಪುಟದಲ್ಲಿ ಉಗುರು ತೂರಿಸಲೂ ಸಂದು ಇರಬಾರದು ಅಂತ ನನಗೆ ಕೆಲಸ ಕಲಿಸಿದವರು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಪಕ್ಕದಲ್ಲಿ ಮುಂದಿನ ವಾರದ ಹಿಂಪುಟಕ್ಕೆ ಅಂತ ಜೋಡಿಸಿ ದಾರ ಕಟ್ಟಿಟ್ಟ ಇಪ್ಪತ್ತು ಅಂಶದ ಸರ್ಕಾರಿ ಪ್ರಕಟಣೆ ಇತ್ತು. ಅಳೆದೆ. ಮೂರು ಕಾಲಂ, ಒಂದು ಗೇಣು. ಎತ್ತಿ ಜಾರಿಸಿದೆ. ಸಂದಿಗೆ ತೂರಿಸೋ ಒಂದು ತೆಳು ಸೀಸದ ಪಟ್ಟಿ ಕೂಡ ಬೇಕಾಗಲಿಲ್ಲ. ಅಳತೆ ತಗೊಂಡು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತು.

ಆ ಗಳಿಗೆ ನನಗೆ ಸಂತೋಷ ಆಯ್ತು. ಅದನ್ನೂ ಬರೀಬೇಕು.

ಹೆದರಿಕೆಗೆ ಮಾಡಿದ್ದಲ್ಲ. ಕೆಲಸದ ಚಂದಕ್ಕೆ ಮಾಡಿದ್ದು.

ಆಗಸ್ಟ್ 24

ಮೊನ್ನೆಯ ಕೊನೇ ಎರಡು ಸಾಲು ಹೊಡೆದು ಹಾಕಿದ್ದೀನಿ. ಹೆದರಿಕೆಯೂ ಇತ್ತು. ಪ್ರೆಸ್ಸಿಗೆ ಬೀಗ ಬಿದ್ದರೆ ಐವತ್ತಾರು ವರ್ಷದವನಿಗೆ ಯಾರು ಕೆಲಸ ಕೊಡ್ತಾರೆ ಅಂತ ಅನ್ನಿಸಿತ್ತು. ಎರಡೂ ಇತ್ತು. ಯಾವುದು ಎಷ್ಟು ಅಂತ ಈಗ ಗೊತ್ತಾಗಲ್ಲ.

ಪೇಪರು ಹೊರಬಿದ್ದ ಮಾರನೇ ದಿನ, ಶುಕ್ರವಾರ, ಎಡಿಟರು ವಾಪಸು ಬಂದು ಪೇಪರು ಕೈಗೆತ್ತಿಕೊಂಡರು. ಆಗಲೇ ಬಸ್ಸಿನಲ್ಲಿ ಎಲ್ಲಾ ಕಡೆ ಹೋಗಿಬಿಟ್ಟಿತ್ತು. ನಿಂತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಚೆನ್ನಾಗಿ ಕೂತೈತೆ ಕಾಟಯ್ಯ" ಅಂದರು. ನಾನು ಅದನ್ನ ಹೊಗಳಿಕೆ ಅಂತ ತಗೊಂಡೆ. ಒಂದು ವಾರ ಹಾಗೇ ತಿಳಿದಿದ್ದೆ.

ಆಮೇಲೆ ಭರಮಸಾಗರದಿಂದ ಹನ್ನೆರಡು ಚಂದಾದಾರರ ಪ್ರತಿ ಒಂದೇ ಕಟ್ಟಿನಲ್ಲಿ ವಾಪಸು ಬಂತು. ಮೇಲಿನದರ ಮೇಲೆ, ಮಾರಿಕೊಂಡವರ ಪತ್ರಿಕೆ ನಮಗೆ ಬೇಡ ಅಂತ ಬರೆದಿತ್ತು. ಸಂಜೆ ಹೊತ್ತು ಪ್ರೆಸ್ಸಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದ ಅವರ ಸ್ನೇಹಿತರು ಒಬ್ಬೊಬ್ಬರಾಗಿ ಬರೋದು ಬಿಟ್ಟರು. ಬೆಂಚು ಮಾತ್ರ ಉಳಿಯಿತು. ಅವರು ಯಾರಿಗೂ ಒಂದು ಮಾತು ಹೇಳಲಿಲ್ಲ, ಇದು ಕಾಟಯ್ಯ ಮಾಡಿದ್ದು ಅಂತ. ಯಾಕೆ ಹೇಳಲಿಲ್ಲ ಅಂತ ನನಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಅದು ಯಾಕೆ ಅಂತ ಗೊತ್ತು.

ಮೇ ತಿಂಗಳಲ್ಲಿ ಪತ್ರಿಕೆ ನಿಲ್ಲಿಸಿ ಹೊಸದುರ್ಗಕ್ಕೆ, ಹೆಂಡತಿಯ ತವರಿಗೆ ಹೋದರು. ತಂತಿಗೆ ಚುಚ್ಚಿದ್ದ ಕಾಗದವನ್ನೆಲ್ಲ ನಾನೇ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಹೆಂಡತಿ ಅನ್ನಪೂರ್ಣಮ್ಮನವರ ಕೈಗೆ ಕೊಟ್ಟೆ. ಡಿಸೆಂಬರಿನಲ್ಲಿ ಎಡಿಟರು ತೀರಿಕೊಂಡರು. ಇನ್ನು ಮೂರು ತಿಂಗಳು ಇದ್ದಿದ್ದರೆ ಎಮರ್ಜೆನ್ಸಿ ಮುಗಿಸಿದ ಎಲೆಕ್ಷನ್ನು ನೋಡುತ್ತಿದ್ದರು. ಮಣ್ಣಿಗೆ ನಾನು ಹೋಗಲಿಲ್ಲ. ಪತ್ರಿಕೆ ನಿಂತರೂ ಪ್ರೆಸ್ಸಿನಲ್ಲಿ ಬಿಡಿ ಕೆಲಸ ನಡೀತಿತ್ತು, ಲಗ್ನಪತ್ರಿಕೆ ಕೆಲಸ ಅವಸರ ಐತೆ ಅಂತ ಹೇಳಿ ಕಳಿಸಿದೆ. ಅವಸರ ಇರಲಿಲ್ಲ.

ಆಗಸ್ಟ್ 27, ಭಾನುವಾರ

ಬೆಳಗ್ಗೆ ಹುಡುಗಿ ಅಧ್ಯಾಯವನ್ನ ಚೊಕ್ಕವಾಗಿ ನಕಲು ಮಾಡುತ್ತಾ ಕೂತಿದ್ದಳು. ಏಳನೇ ಪುಟಕ್ಕೆ ಬಂದಿದ್ದಳು. ಮಸಿಕುಡಿಕೆಯ ಮುಚ್ಚಳ ಹಾಕಿಬಿಟ್ಟೆ. "ನಿಲ್ಸು" ಅಂದು ಎಲ್ಲ ಹೇಳಿದೆ.

ಕೈಯಲ್ಲಿದ್ದ ಲೇಖಣಿ ಕೆಳಗಿಟ್ಟಳು. ಆಮೇಲೆ, "ನಾನು ಅವತ್ತು ಕೇಳಿದಾಗ?" ಅಂದಳು.

"ಸುಳ್ಳು ಹೇಳ್ದೆ."

"ಎಡಿಟರ ಹೆಸರಿಗೆ ಹಚ್ಚಿದೆ ನೀನು."

"ಹೂಂ."

ಬರೆದ ಹಾಳೆಗಳನ್ನ ಜೋಡಿಸಿ ಎರಡಾಗಿ ಹರಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ತಡೆಯಲಾಗದೆ, "ಹಳೇದನ್ನೇ ಕಳಿಸಬೋದಿತ್ತಲ್ಲೇ. ಸತ್ತೋರಿಗೆ ಏನು ಗೊತ್ತಾಗ್ತೈತೆ" ಅಂದುಬಿಟ್ಟೆ. ನನ್ನ ಮುಖ ನೋಡಿದಳು. ಜುಂಜಮ್ಮನೂ ನೋಡಿದಳು.

ಮಧ್ಯಾಹ್ನ ಅವಳೇ ಮಾತು ತೆಗೆದಳು. "ನಿನ್ನ ಬಾಯಿಮಾತು ಸಾಲಲ್ಲ ಮಾವ. ನೀನು ನಮ್ಮೋನು. ಹುಡುಗಿ ಅವರ ಮಾವ ಹೇಳಿದ್ದನ್ನ ಬರೆದವ್ಳೆ ಅಂತಾರೆ. ಆ ಪ್ರೂಫು ಬೇಕು."

"ಸಿಗದಿದ್ರೆ?"

"ಈ ಸಲ ಅರ್ಜಿ ಹಾಕಲ್ಲ. ಬೇರೆ ಅಧ್ಯಾಯ ಬರೆಯೋಕೆ ಹೊತ್ತಿಲ್ಲ, ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಕಳಿಸೋಕಾಗಲ್ಲ."

"ಮುಂದಿನ ಸಲ ನಿಮ್ಮಪ್ಪ ಬಿಡ್ತಾನೇನೇ?"

ಹೊಸ ಹಾಳೆ ತಗೊಂಡು ಅದೇ ಅಧ್ಯಾಯವನ್ನ ಒಂದನೇ ಪುಟದಿಂದ ಶುರು ಮಾಡಿದಳು. ಸೀಮೆಎಣ್ಣೆ ತಂದು ಲಾಂದ್ರಕ್ಕೆ ತುಂಬಿಟ್ಟೆ.

ಸೆಪ್ಟೆಂಬರ್ 3, ಭಾನುವಾರ

ಹೊಸದುರ್ಗಕ್ಕೆ ಹೋಗಿ ಬಂದೆ. ಹುಡುಗಿ ನಾನೂ ಬರ್ತೀನಿ ಅಂದಳು. ಬೇಡ ಅಂದೆ. ಹೊಳಲ್ಕೆರೆಯಲ್ಲಿ ಬಸ್ಸು ಟೈರಿನ ಕೆಲಸಕ್ಕೆ ಅರ್ಧ ಗಂಟೆ ನಿಂತಿತು. ಎದುರಿಗೇ ದುರ್ಗದ ಬಸ್ಸು, ಸೀಟು ಖಾಲಿ. ಕೆಳಗಿಳಿದು ಅದರ ಬಾಗಿಲ ತನಕ ಹೋಗಿದ್ದೆ. ಹತ್ತಲಿಲ್ಲ.

ಅನ್ನಪೂರ್ಣಮ್ಮನವರು ಜಗುಲಿ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗೈತೆ. "ಬರ್ರಿ ಕಾಟಯ್ಯ, ಕುಂತ್ಕಳ್ರಿ" ಅಂತ ಬೆಲ್ಲ ನೀರು ಕೊಟ್ಟರು. ಕೂರಲಿಲ್ಲ. ನಿಂತೇ ಹೇಳಿದೆ. ಮೊದಲು ಮೊರ ಆಡುತ್ತಿತ್ತು. ಆಮೇಲೆ ನಿಂತಿತು.

"ಅವರು ಹಾಕ್ಸಿದ್ದಲ್ವಾ?"

"ಅಲ್ಲಮ್ಮ. ನಾನು."

"ಬಿಳಿ ಬಿಡು ಅಂದಿದ್ರಾ?"

"ಅಂದಿದ್ರು. ಬರೆದು ಸಹಿನೂ ಹಾಕಿದ್ರು."

ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಹಾಕಿದರು. ಇನ್ನೊಂದು ಹುಡುಕಿದರು. ಸಿಗಲಿಲ್ಲ.

"ನಾನು ಕೇಳಿದ್ದೆ ಕಾಟಯ್ಯ. ಯಾಕ್ರೀ ಹಂಗೆ ಮಾಡಿದ್ರಿ ಅಂತ. ಆಗಿದ್ದು ಆಗೋಯ್ತು, ಬಿಡು ಅಂದ್ರು. ನಾನೇನು ತಿಳ್ಕಳ್ಳಿ? ಎಲ್ರೂ ತಿಳ್ಕೊಂಡಿದ್ದನ್ನೇ ನಾನೂ ತಿಳ್ಕೊಂಡೆ. ಹತ್ತು ತಿಂಗಳು ಅನ್ನ ಬಡಿಸೀನಿ, ಮುಖ ಕೊಟ್ಟು ಮಾತಾಡಿಲ್ಲ. ಸಾಯೋ ದಿನನೂ ಮಾತಾಡಿಲ್ಲ."

ಇಷ್ಟು ದಿನ ನಾನು ಅವರ ಸ್ನೇಹಿತರ ಬೆಂಚನ್ನ ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಮನೆಯೊಳಗೂ ಒಂದು ಬೆಂಚು ಖಾಲಿ ಆಗಿರುತ್ತೆ ಅಂತ ಹೊಳೆದಿರಲಿಲ್ಲ. ಆ ಹೊತ್ತಿನಲ್ಲೇ ಹುಡುಗಿಯ ವಿಷಯ ತೆಗೆದು, ಕಾಗದದ ಗಂಟು ಕೇಳಿದೆ. ನನ್ನ ನಾಲಿಗೆ ಯಾವತ್ತೂ ಹೀಗೇ.

"ಅಟ್ಟದ ಮೇಲೈತೆ. ಬಿಚ್ಚಿಲ್ಲ. ಬಿಚ್ಚೋದೂ ಇಲ್ಲ. ಹೊರಡ್ರಿ, ಬಸ್ಸಿನ ಹೊತ್ತಾಯ್ತು."

ಬಾಗಿಲು ಹಾಕಿಕೊಂಡರು. ರಾಗಿ ಮೊರ ಜಗುಲಿ ಮೇಲೇ ಇತ್ತು. ಕೋಳಿ ಬಂದೀತು ಅಂತ ಅದರ ಮೇಲೆ ಇನ್ನೊಂದು ಮೊರ ಮುಚ್ಚಿ ಬಂದೆ.

ಸೆಪ್ಟೆಂಬರ್ 4

ಹುಡುಗಿಗೆ ಹೇಳಿದೆ. "ಅವರನ್ನ ಇನ್ನು ಕಾಡಬ್ಯಾಡ ಮಾವ" ಅಂದಳು. ಊರಿಗೆ ಹೋಗುವ ಚೀಲ ತೆಗೆದು ದೂಳು ಕೊಡವಿದಳು.

ಸೆಪ್ಟೆಂಬರ್ 5, ಮಂಗಳವಾರ

ಅಧ್ಯಾಯ ಹೊಸದಾಗಿ ಬರೆದಿದ್ದಾಳೆ. ಹೊರಡುವ ಮಾತು ಆಡಿದವಳು ಅದು ಹೆಂಗೆ ಬರೆದಳೋ. ಏಳನೇ ಪುಟದಲ್ಲಿ ಆ ಪ್ರೂಫಿನಲ್ಲಿ ಏನಿತ್ತು ಅಂತ ಹೇಳಬೇಕಾದ ಕಡೆ ಅರ್ಧ ಪುಟ ಹಾಗೇ ಬಿಟ್ಟಿದ್ದಾಳೆ. ನಾನು ನೋಡಿದೆ. ತುಂಬು ಅನ್ನಲಿಲ್ಲ.

ಹೊಸದುರ್ಗಕ್ಕೆ ಕಾಗದ ಬರೆದೆ. ನಾಲ್ಕು ಸಲ ಹರಿದು ಐದನೇದನ್ನ ಅಂಚೆಗೆ ಹಾಕಿದೆ. ನಕಲು ಇಲ್ಲಿ ಇಟ್ಟಿರುತ್ತೀನಿ.

ಅನ್ನಪೂರ್ಣಮ್ಮನವರಿಗೆ ಕಾಟಯ್ಯನ ನಮಸ್ಕಾರ. ತಪ್ಪಾಯ್ತು ಅಂತ ಮೊನ್ನೆ ನಾನು ಹೇಳಲೇ ಇಲ್ಲ. ಹುಡುಗಿಯ ಕೆಲಸ ಮುಂದಿಟ್ಟೆ. ಅದಕ್ಕೂ ಸೇರಿಸಿ ಈಗ ಹೇಳ್ತಿದ್ದೀನಿ, ತಪ್ಪಾಯ್ತು. ಇದರಿಂದ ನಿಮ್ಮ ಹತ್ತು ತಿಂಗಳು ವಾಪಸು ಬರಲ್ಲ ಅಂತ ಗೊತ್ತು. ಗಂಟು ಬಿಚ್ಚಿರಿ. ಫೆಬ್ರವರಿ ಕಾಗದಗಳ ನಡುವೆ ನೀಲಿ ಗೀಟಿನ ಹಾಳೆ ಐತೆ. ಎಡಗಡೆ ಅಂಚಿನಲ್ಲಿ ಅವರ ಕೈಬರಹ. "ಇಲ್ಲಿ ಏನೂ ಹಾಕಕೂಡದು. ಬಿಳಿಯಾಗಿರಲಿ. ಹೊಣೆ ನನ್ನದು." ಇಷ್ಟೇ ಇರೋದು, ಕೆಳಗೆ ಸಹಿ. ನಾನು ಹೇಳಿದ್ದನ್ನ ನಂಬಬೇಡಿರಿ, ನೀವೇ ಓದ್ರಿ. ಹುಡುಗಿಗೆ ಕೊಡೋದು ಬಿಡೋದು ಆಮೇಲಿನ ಮಾತು. ನೀವು ಕೊಡದಿದ್ದರೂ ನಾನು ಭರಮಸಾಗರಕ್ಕೆ ಹೋಗಿ, ಪೇಪರು ವಾಪಸು ಕಳಿಸಿದ ಆ ಹನ್ನೆರಡು ಮನೆಗೂ ಹೇಳಿ ಬರ್ತೀನಿ. ಕೊಡೋದಾದರೆ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೂ ಸಾಕು, ನಾನು ದಿನಾ ಬಸ್‌ಸ್ಟಾಂಡಿನಲ್ಲಿ ಇರ್ತೀನಿ. ಜೊತೆಗೆ ಒಂದು ಕಾರ್ಡು ಇಟ್ಟಿದ್ದೀನಿ. ನನ್ನ ವಿಳಾಸ ಮಾತ್ರ ಬರೆದಿದ್ದೀನಿ. ಇನ್ನೊಂದು ಮಗ್ಗುಲು ನಿಮ್ಮ ಮಾತಿಗೆ ಬಿಳಿ ಬಿಟ್ಟಿದ್ದೀನಿ. ಹನ್ನೆರಡನೇ ತಾರೀಕು ಹುಡುಗಿ ಅರ್ಜಿ ಅಂಚೆಗೆ ಹಾಕಬೇಕು. ಹನ್ನೊಂದನೇ ತಾರೀಕು ಸೋಮವಾರದೊಳಗೆ ನಿಮ್ಮ ಉತ್ತರ ನನ್ನ ಕೈಗೆ ಬರಬೇಕು.